ಶಿಂಜುಕುವಿನ ಕರಡಿಗಳು ಮತ್ತು ‘ತಮ್ಮನ ಗಂಡ’

ಟೋಕಿಯೋಗೆ ಬಂದ ಮೂರನೆಯ ವರ್ಷ, 2016ರಲ್ಲಿ, ಜಪಾನೀಸ್ ಓದುವುದನ್ನು ರೂಢಿಸಿಕೊಳ್ಳಲೆಂದು ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಹುಡುಕುತ್ತಿದ್ದೆ. ಆಗ ಒಂದು ಪುಸ್ತಕದ ಬೆನ್ನಿನ ಮೇಲೆ ‘ಒತೋತೊ ನೊ ಒತ್ತೊ’ ಎಂಬ ಹೆಸರು ಕಣ್ಣಿಗೆ ಬಿತ್ತು. ‘ಒತೋತೊ’ ಎಂದರೆ ತಮ್ಮ. ‘ನೊ’ ಎಂಬುದು ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುವ ಪದ. ‘ಒತ್ತೊ’ ಎಂದರೆ ಗಂಡ. ತಮ್ಮನ ಗಂಡ. ತಪ್ಪಾಗಿ ಓದಿದೆನೇನೋ ಎಂದು ಮತ್ತೊಮ್ಮೆ ಓದಿದೆ. ಅದೇ ಇತ್ತು. ಇಂಗ್ಲಿಷ್ ಅನುವಾದದ ಹೆಸರಿನಲ್ಲಿ ಬರೀ ‘ಬ್ರದರ್’ ಇದೆ, ಅಣ್ಣನೋ ತಮ್ಮನೋ ತಿಳಿಯುವುದಿಲ್ಲ. ಜಪಾನೀಸಿನಲ್ಲಿ ನಮ್ಮಂತೆಯೇ ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲಕ್ಕೂ ಬೇರೆ ಬೇರೆ ಪದಗಳಿರುವುದರಿಂದ ಆ ಹೆಸರು ಅಕ್ಷರ ಬದಲಾಗದಂತೆ ಕನ್ನಡಕ್ಕೆ ಇಳಿದುಬಿಟ್ಟಿತು. ಅಷ್ಟು ಸರಳವಾಗಿ ಕನ್ನಡಕ್ಕೆ ಬಂದ ಆ ಎರಡು ಪದಗಳನ್ನು ಒಟ್ಟಿಗೆ ಇಟ್ಟು ಯಾರೂ ಹೇಳಿದ್ದನ್ನು ನಾನು ಅದುವರೆಗೆ ಕನ್ನಡದಲ್ಲಿ ಕೇಳಿರಲಿಲ್ಲ.

ನಾನು ತಿಪಟೂರಿನ ಕಡೆಯವನು. ನಾನು ಚಿಕ್ಕವನಿದ್ದಾಗ ಕರಡಿ ಆಡಿಸುವವರು ವರ್ಷಕ್ಕೊಮ್ಮೆಯಾದರೂ ನಮ್ಮ ಊರಿಗೆ ಬರುತ್ತಿದ್ದರು. ರಾತ್ರಿ ಬೆಚ್ಚಿಬೀಳುವ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯಿತದಲ್ಲಿಟ್ಟು ಕಟ್ಟುತ್ತಿದ್ದರು. ನನ್ನ ಅಜ್ಜಿ ನನ್ನ ಸೊಂಟದ ಉಡಿದಾರಕ್ಕೆ ಅಂಥದ್ದೊಂದು ತಾಯಿತ ಕಟ್ಟಿದ್ದಳು. ಹೈಸ್ಕೂಲಿಗೆ ಬರುವ ಹೊತ್ತಿಗೆ ನನ್ನ ಮೈಯೇ ಕರಡಿಯ ಮೈಯಾಯಿತು. ಹತ್ತನೆಯ ತರಗತಿಯಲ್ಲಿಯೇ ಗಡ್ಡ, ಎದೆ ಬೆನ್ನುಗಳ ಮೇಲೆಲ್ಲ ದಟ್ಟ ಕೂದಲು, ಅದಕ್ಕೆ ತಕ್ಕ ಹೊಟ್ಟೆ. ತರಗತಿಯವರು ‘ಕರಡಿ’ ಎಂದೇ ಕರೆದರು. ನನ್ನ ಮನಸ್ಸು ಗಂಡಸರ ಕಡೆಗೆ ಹರಿಯುತ್ತದೆ ಎಂದು ಗೊತ್ತಾದಾಗ ಆ ಹೆಸರು ಇನ್ನಷ್ಟು ಭಾರವಾಯಿತು. ಇಂಥ ಮೈಯನ್ನು ಯಾವ ಗಂಡಸು ತಾನೇ ಇಷ್ಟಪಟ್ಟಾನು ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರಲಿಲ್ಲ.

ಕರಡಿ ಎಂಬ ಹೆಸರನ್ನೇ ಅಕ್ಕರೆಯಿಂದ ಇಟ್ಟುಕೊಂಡ ಗೇ ಗಂಡಸರ ಸಮುದಾಯವೊಂದು ಲೋಕದಲ್ಲಿದೆ ಎಂಬುದು ನನಗೆ ತಿಳಿದದ್ದು ಟೋಕಿಯೋದಲ್ಲಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1987ರಲ್ಲಿ ‘ಬೇರ್’ ಎಂಬ ಪತ್ರಿಕೆ ಹುಟ್ಟಿತು. ತೆಳ್ಳಗೆ, ನುಣ್ಣಗೆ ಇರುವ ಎಳೆಯ ಮೈಯೊಂದೇ ಚೆಂದ ಎನ್ನುತ್ತಿದ್ದ ಆಗಿನ ಗೇ ಲೋಕದಲ್ಲಿ, ಗಡ್ಡ, ಹೊಟ್ಟೆ, ನರೆಗೂದಲುಗಳಿದ್ದವರು ತಮ್ಮದೇ ಜಾಗ ಮಾಡಿಕೊಂಡರು. 1995ರಲ್ಲಿ ಅವರಿಗೊಂದು ಬಾವುಟವೂ ಬಂತು. ಕಡುಗಂದಿನಿಂದ ಕಪ್ಪಿನವರೆಗೆ ಕರಡಿಗಳ ತುಪ್ಪಳದ ಏಳು ಬಣ್ಣಗಳ ಪಟ್ಟೆಗಳು, ಮೇಲಿನ ಮೂಲೆಯಲ್ಲಿ ಪಂಜದ ಗುರುತು. ಜಪಾನಿನಲ್ಲಿ ಇಂಥವರನ್ನು ‘ಕುಮಾ’ ಎನ್ನುತ್ತಾರೆ. ಕುಮಾ ಎಂದರೂ ಕರಡಿಯೇ. ಅದೇ 1995ರಲ್ಲಿ ಟೋಕಿಯೋದಲ್ಲಿ ‘ಜಿ-ಮೆನ್’ ಎಂಬ ಮಾಸಪತ್ರಿಕೆ ಶುರುವಾಯಿತು. ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರು ‘ತಮ್ಮನ ಗಂಡ’ನನ್ನು ಬರೆದು ಚಿತ್ರಿಸಿದ ಗೆಂಗೊರೋ ತಗಾಮೆ.

ಅದು ಅವರ ನಿಜನಾಮವಲ್ಲ. ತಗಾಮೆ, ಗೆಂಗೊರೋ ಎರಡೂ ಗದ್ದೆಯ ನೀರಿನಲ್ಲಿ, ಕೊಳಗಳಲ್ಲಿ ಬದುಕುವ ದೊಡ್ಡ ಕೀಟಗಳ ಹೆಸರುಗಳು. 1964ರಲ್ಲಿ ಕಾಮಾಕುರಾದಲ್ಲಿ ಹುಟ್ಟಿದ ಅವರು ತಾಮಾ ಕಲಾ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ವಿನ್ಯಾಸ ಕಲಿತವರು. ಎಂಬತ್ತರ ದಶಕದಿಂದಲೇ ಗೇ ಪತ್ರಿಕೆಗಳಿಗೆ ಚಿತ್ರ, ಕತೆ ಕೊಡುತ್ತಿದ್ದರು. 1971ರಲ್ಲಿ ಶುರುವಾದ ‘ಬಾರಾಜೊಕು’ವಿನಂಥ ಪತ್ರಿಕೆಗಳಲ್ಲಿ ಹೆಚ್ಚಾಗಿ ಮೆರೆದದ್ದು ಎಳೆಯ, ಸಪೂರ ಚೆಲುವರು. ತಗಾಮೆ ಅವರು ‘ಜಿ-ಮೆನ್’ ಮುಖಪುಟಕ್ಕೆ ಕುತ್ತಿಗೆ ದಪ್ಪಗಿರುವ, ತೋಳು ತುಂಬ ಕೂದಲಿರುವ, ಗಡ್ಡ ಬಿಟ್ಟ ಗಂಡಸರನ್ನು ತಂದರು. ಆ ಪತ್ರಿಕೆ ಬಂದ ಮೇಲೆ ಟೋಕಿಯೋದ ಗೇ ಗಂಡಸರಲ್ಲಿ ಗಡ್ಡ ಬಿಡುವುದು, ಮೈ ತುಂಬಿಕೊಳ್ಳುವುದು ಹೆಚ್ಚಾಯಿತು ಎಂದು ಆ ಕಾಲವನ್ನು ಕಂಡವರು ಹೇಳುತ್ತಾರೆ. ಒಬ್ಬ ಚಿತ್ರಕಾರನ ಲೇಖನಿ ಊರಿನವರು ಕನ್ನಡಿ ನೋಡಿಕೊಳ್ಳುವ ಬಗೆಯನ್ನೇ ಬದಲಿಸಿತು ಎಂಬುದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ, ಏಕೆಂದರೆ ಇಪ್ಪತ್ತು ವರ್ಷ ತಡವಾಗಿ ಅದು ನನಗೂ ಆಯಿತು.

ಒಂದು ಮಾತನ್ನು ಮುಚ್ಚಿಡಬಾರದು. ತಗಾಮೆ ಅವರ ಆ ಕಾಲದ ಕತೆಗಳು ವಯಸ್ಕರಿಗಾಗಿ ಬರೆದವು, ಅವುಗಳಲ್ಲಿ ಬಹಳಷ್ಟು ಕ್ರೂರವಾದವು. ಹಿಂಸೆ, ಸೆರೆ, ದಾಸ್ಯಗಳ ನಡುವೆ ಕಾಮವನ್ನಿಟ್ಟು ನೋಡುವ ಅವುಗಳಲ್ಲಿ ಕೆಲವನ್ನು ನಾನು ಅರ್ಧಕ್ಕೇ ಮುಚ್ಚಿಟ್ಟಿದ್ದೇನೆ. ಆದರೆ ಅಲ್ಲಿಯೂ ಕೈಚಳಕ ಒಂದೇ. ಎದೆಯ ಮೇಲಿನ ಕೂದಲನ್ನು ಅವರು ಕಪ್ಪು ಮಸಿಯ ಪಟ್ಟೆಯಾಗಿ ಬಳಿಯುವುದಿಲ್ಲ. ಸಣ್ಣ ಸಣ್ಣ ಗೆರೆಗಳನ್ನು ಒಂದೊಂದಾಗಿ ಎಳೆಯುತ್ತಾರೆ, ಎದೆಯ ನಡುವೆ ದಟ್ಟವಾಗಿ, ಹೊಟ್ಟೆಯ ಕಡೆಗೆ ಇಳಿಯುತ್ತ ವಿರಳವಾಗಿ. ನಾನು ಯಾವುದನ್ನು ಮುಚ್ಚಿಕೊಳ್ಳಲು ಬೇಸಿಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿಕೊಳ್ಳುತ್ತಿದ್ದೆನೋ, ಅದರ ಮೇಲೆ ಒಬ್ಬ ಕಲಾವಿದ ಗಂಟೆಗಟ್ಟಲೆ ಕೂತು ಕಣ್ಣಿಟ್ಟಿದ್ದ.

ಟೋಕಿಯೋದ ಗೇ ಬದುಕಿನ ಕೇಂದ್ರ ಶಿಂಜುಕು ವಾರ್ಡಿನ ನಿ-ಚೋಮೆ ಎಂಬ ಬಡಾವಣೆ. ಅಲ್ಲಿ ನೂರಾರು ಪುಟ್ಟ ಬಾರುಗಳಿವೆ. ಒಂದೊಂದರಲ್ಲಿ ಎಂಟೋ ಹತ್ತೋ ಜನ ಕೂರಬಹುದು, ಅಷ್ಟೇ. ಒಂದೊಂದು ಬಾರಿಗೂ ಅದರದೇ ಬಳಗ, ಕುಮಾಗಳಿಗೆಂದೇ ಇರುವ ಬಾರುಗಳೂ ಇವೆ. ನಾನು ಮೊದಲ ಸಲ ಅಂಥದ್ದೊಂದರ ಬಾಗಿಲು ತಳ್ಳಿದಾಗ, ಒಳಗಿದ್ದ ಮಾಲೀಕರು ಬಿಸಿ ಟವೆಲನ್ನು ಎರಡೂ ಕೈಯಿಂದ ಕೊಟ್ಟು, ಜೊತೆಗೊಂದು ಪುಟ್ಟ ಬಟ್ಟಲಿನಲ್ಲಿ ಬೇಯಿಸಿದ ಮೂಲಂಗಿ ಇಟ್ಟರು. ಹಿಂದಿನ ಶೆಲ್ಫಿನಲ್ಲಿ ಗಿರಾಕಿಗಳ ಹೆಸರು ಬರೆದ ಬಾಟಲಿಗಳ ಸಾಲು, ಅವುಗಳ ನಡುವೆ ಬಾಯಲ್ಲಿ ಮೀನು ಕಚ್ಚಿಕೊಂಡ ಹೊಕ್ಕೈಡೊದ ಮರದ ಕರಡಿ, ಮೂಲೆಯಲ್ಲಿ ‘ಜಿ-ಮೆನ್’ನ ಹಳೆಯ ಸಂಚಿಕೆಗಳು. ಮಾಲೀಕರು ನನ್ನ ಗಡ್ಡ ನೋಡಿ ‘ಒಳ್ಳೆಯ ಕುಮಾ ಬಂದ’ ಎಂದರು. ಹೈಸ್ಕೂಲಿನ ಅದೇ ಪದ, ಬೇರೆ ಭಾಷೆಯಲ್ಲಿ. ನಾನು ತಲೆ ತಗ್ಗಿಸಿ ಆ ಟವೆಲಿನಿಂದ ಬಹಳ ಹೊತ್ತು ಮುಖ ಒರೆಸಿಕೊಂಡೆ.

ಆ ಸಂಚಿಕೆಗಳನ್ನು ಅವರು ಒಂದೊಂದಾಗಿ ನನಗೆ ತೋರಿಸಿದರು. ಮೊದಮೊದಲ ವರ್ಷಗಳ ಮುಖಪುಟಗಳು ತಗಾಮೆ ಅವರವು. ಆಮೇಲಿನವು ಜಿರಾಯಾ ಎಂಬ ಇನ್ನೊಬ್ಬ ಕಲಾವಿದರವು. ಜಿರಾಯಾ ಅವರ ಗಂಡಸರು ಕೆನ್ನೆ ತುಂಬ ನಗುತ್ತಾರೆ, ನೆರೆಮನೆಯ ಮಾವನ ಹಾಗೆ. 2016ರಲ್ಲಿ ಆ ಪತ್ರಿಕೆ ನಿಂತಿತು. ಈ ಕಲಾವಿದರ ಚಿತ್ರಗಳು ಅಮೆರಿಕದ ಕೆಲವು ಅಭಿಮಾನಿಗಳ ಶ್ರಮದಿಂದ ಸ್ವೆಟ್‌ಶರ್ಟುಗಳ ಮೇಲೂ ಬಂದವು. ಅವುಗಳಲ್ಲಿ ಒಂದನ್ನು ನಾನು ಐದು ಚಳಿಗಾಲ ತೊಟ್ಟಿದ್ದೇನೆ. ಮೊಣಕೈ ಸವೆದಿದೆ, ಎಸೆಯಲು ಮನಸ್ಸಿಲ್ಲ.

ಪತ್ರಿಕೆ ನಿಂತರೆ ಚಿತ್ರಗಳ ಗತಿಯೇನು? ಗೇ ಪತ್ರಿಕೆಗಳನ್ನು ಗ್ರಂಥಾಲಯಗಳು ಅಕ್ಕರೆಯಿಂದ ಕೂಡಿಟ್ಟುಕೊಳ್ಳುವುದು ಅಪರೂಪ. ಓದುಗರೂ ಮನೆಯವರಿಗೆ ಕಾಣದಂತೆ ಬಚ್ಚಿಟ್ಟು, ಮದುವೆಯಾಗುವಾಗಲೋ ಮನೆ ಬದಲಿಸುವಾಗಲೋ ಎಸೆದುಬಿಡುತ್ತಾರೆ. ತಗಾಮೆ ಅವರ ಕೆಲಸಗಳಲ್ಲಿ ನಾನು ಎಲ್ಲಕ್ಕಿಂತ ಗೌರವಿಸುವುದು ಇಲ್ಲಿ ಅವರು ಮಾಡಿದ್ದನ್ನು. ತಮಗಿಂತ ಹಿಂದಿನ ತಲೆಮಾರಿನ ಗೇ ಚಿತ್ರಕಾರರ ಕೃತಿಗಳನ್ನು ಹುಡುಕಿ, ಬರೆದವರ ಬದುಕಿನ ಮಾಹಿತಿಯನ್ನು ಸೇರಿಸಿ, ಜಪಾನೀಸ್ ಮತ್ತು ಇಂಗ್ಲಿಷ್ ಎರಡರಲ್ಲೂ ವಿವರಣೆ ಬರೆದು, 2003, 2006 ಮತ್ತು 2018ರಲ್ಲಿ ಮೂರು ಸಂಪುಟಗಳಾಗಿ ತಂದರು. ಗೋ ಮಿಶಿಮಾ ಅವರ ಹಚ್ಚೆ ಹಾಕಿಸಿಕೊಂಡ ಗಂಡಸರು, ಸದಾವೊ ಹಸೇಗಾವಾ ಅವರ ಪುರಾಣಲೋಕದಂಥ ಚಿತ್ರಗಳು ಇವತ್ತು ನಾನು ಕೈಯಲ್ಲಿ ಹಿಡಿದು ನೋಡುವಂತಿರುವುದು ಅದರಿಂದ. ನನಗಿಂತ ಮೊದಲು ನನ್ನಂಥವರು ಇದ್ದರು ಎಂಬುದಕ್ಕೆ ವಂಶಾವಳಿಯಲ್ಲಿ ದಾಖಲೆ ಇರುವುದಿಲ್ಲ. ಯಾರಾದರೂ ಹೀಗೆ ಕೂತು ಸೇರಿಸಿದರೆ ಮಾತ್ರ ಇರುತ್ತದೆ.

ಇನ್ನು ‘ತಮ್ಮನ ಗಂಡ’. ಇದು ಗೇ ಪತ್ರಿಕೆಯಲ್ಲಿ ಬಂದದ್ದಲ್ಲ. 2014ರಿಂದ 2017ರವರೆಗೆ ‘ಮಾಸಿಕ ಆಕ್ಷನ್’ ಎಂಬ ಸಾಮಾನ್ಯ ಓದುಗರ ಮಾಂಗಾ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ನಾಲ್ಕು ಸಂಪುಟಗಳಾಯಿತು. ಯಾಇಚಿ ಎಂಬಾತ ವಿಚ್ಛೇದಿತ, ಪುಟ್ಟ ಮಗಳು ಕಾನಾಳನ್ನು ಒಬ್ಬನೇ ಸಾಕುತ್ತಿದ್ದಾನೆ. ಅವನ ಅವಳಿ ತಮ್ಮ ರ್‍ಯೋಜಿ ಕೆನಡಾಕ್ಕೆ ಹೋಗಿ, ಮೈಕ್ ಎಂಬ ಗಂಡಸನ್ನು ಮದುವೆಯಾಗಿ, ತೀರಿಕೊಂಡಿದ್ದಾನೆ. ತನ್ನ ಗಂಡ ಹುಟ್ಟಿ ಬೆಳೆದ ಊರನ್ನು ನೋಡಲು ಮೈಕ್ ಆ ಮನೆಯ ಬಾಗಿಲಿಗೆ ಬರುತ್ತಾನೆ. ಭಾರೀ ಮೈ, ಗಡ್ಡ, ಮೈತುಂಬ ಕೂದಲು. ಇಪ್ಪತ್ತು ವರ್ಷಗಳ ಕಾಲ ವಯಸ್ಕರ ಪುಟಗಳಲ್ಲಿದ್ದ ಅದೇ ಕರಡಿ ಈಗ ಒಂದು ಸಂಸಾರದ ಊಟದ ಮೇಜಿನ ಮುಂದೆ ಕೂತಿದ್ದಾನೆ.

ಮೊದಲ ಅಧ್ಯಾಯಗಳಲ್ಲಿ ತಗಾಮೆ ಅವರು ಮಾಡಿರುವ ಒಂದು ಕೆಲಸವನ್ನು ವಿವರವಾಗಿ ಹೇಳಬೇಕು. ಒಂದು ಚೌಕದಲ್ಲಿ ಯಾಇಚಿ ಮೈಕ್‌ನ ಮುಖಕ್ಕೆ ಹೊಡೆದಂತೆ ಕಟುವಾಗಿ ಮಾತಾಡುತ್ತಾನೆ. ಮುಂದಿನ ಚೌಕದಲ್ಲಿ ನೋಡಿದರೆ ಅದು ಅವನ ಮನಸ್ಸಿನೊಳಗೆ ನಡೆದದ್ದು, ಹೊರಗೆ ಅವನು ಸೌಜನ್ಯದಿಂದ ಬೇರೇನನ್ನೋ ಹೇಳುತ್ತಿದ್ದಾನೆ. ನಾವು ಬೆಳೆದ ಮನೆಗಳಲ್ಲಿ ಸಜ್ಜನರಾದ ಹಿರಿಯರ ಒಳಗೂ ಹೊರಗೂ ಇರುವ ಅಂತರ ಇದೇ ಅಲ್ಲವೇ? ಅವನನ್ನು ಕೆಟ್ಟವನನ್ನಾಗಿ ಮಾಡದೆ, ಆ ಅಂತರವನ್ನು ಸಂಪುಟದಿಂದ ಸಂಪುಟಕ್ಕೆ ಇಷ್ಟಿಷ್ಟೇ ಕಡಿಮೆ ಮಾಡುತ್ತ ಹೋಗುವುದೇ ಇಡೀ ಕತೆ. ಕಾನಾಳಿಗೆ ಅಂಥ ಅಂತರವೇ ಇಲ್ಲ. ಗಂಡಸು ಗಂಡಸನ್ನು ಮದುವೆಯಾಗಬಹುದೇ ಎಂದು ಕೇಳುತ್ತಾಳೆ, ಕೆನಡಾದಲ್ಲಿ ಆಗಬಹುದು, ಜಪಾನಿನಲ್ಲಿ ಆಗದು ಎಂದರೆ ಅದು ವಿಚಿತ್ರ ಎನ್ನುತ್ತಾಳೆ. ಮೈಕ್‌ನ ಎದೆಯ ಕೂದಲು ಕಂಡು ಬೆರಗಾಗಿ ಅದನ್ನು ಮುಟ್ಟಿ ನೋಡುತ್ತಾಳೆ. ಆ ಪುಟವನ್ನು ಓದಿದ ರಾತ್ರಿ ನನಗೆ ಅಜ್ಜಿಯ ತಾಯಿತ ನೆನಪಾಯಿತು. ಮಗುವಿನ ಭಯ ಬಿಡಿಸಲು ಕಟ್ಟುವ ಕೂದಲು ಅದು.

ಅಧ್ಯಾಯಗಳ ನಡುವೆ ಮೈಕ್ ಓದುಗರಿಗೆ ಗೇ ಸಮುದಾಯದ ಗುರುತುಗಳನ್ನು ಪರಿಚಯಿಸುವ ಪುಟ್ಟ ಪಾಠಗಳಿವೆ. ನಾಜಿ ಸೆರೆಶಿಬಿರಗಳಲ್ಲಿ ಗೇ ಗಂಡಸರಿಗೆ ಹಚ್ಚುತ್ತಿದ್ದ ಗುಲಾಬಿ ತ್ರಿಕೋನದ ಚರಿತ್ರೆಯನ್ನು ಅಂಥದ್ದೊಂದು ಪುಟದಲ್ಲಿ ನಾನೂ ಸರಿಯಾಗಿ ತಿಳಿದುಕೊಂಡೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ರ್‍ಯೋಜಿಯ ಹಳೆಯ ಗೆಳೆಯನ ಪ್ರಸಂಗ. ತಾನು ಗೇ ಎಂಬುದನ್ನು ಇವತ್ತಿಗೂ ಮುಚ್ಚಿಟ್ಟಿರುವ ಅವನು ಮೈಕ್‌ನನ್ನು ಯಾರಿಗೂ ಕಾಣದಂತೆ ಭೇಟಿಯಾಗುತ್ತಾನೆ. ನಿಶಿ-ಕಸಾಯಿಯಲ್ಲಿ ನಮ್ಮ ಭಾರತೀಯರ ಅಂಗಡಿಗಳ ನಡುವೆ ಕನ್ನಡದವರನ್ನು ಕಂಡಾಗ, ಜೊತೆಯಲ್ಲಿದ್ದ ನನ್ನ ಸಂಗಾತಿಯನ್ನು ‘ಆಫೀಸಿನ ಸ್ನೇಹಿತ’ ಎಂದು ಎಷ್ಟು ಸಲ ಪರಿಚಯಿಸಿದ್ದೇನೋ ಲೆಕ್ಕವಿಲ್ಲ. ಅವನಿಗೆ ಕನ್ನಡ ಬಾರದು, ಆದರೆ ‘ಸ್ನೇಹಿತ’ ಎಂಬ ಪದ ಈಗ ಅವನಿಗೆ ಗೊತ್ತು.

ಈ ಕೃತಿಗೆ ಜಪಾನ್ ಮೀಡಿಯಾ ಆರ್ಟ್ಸ್ ಉತ್ಸವದ 2015ರ ಶ್ರೇಷ್ಠತಾ ಪ್ರಶಸ್ತಿ ಬಂತು, 2018ರಲ್ಲಿ ಕಾಮಿಕ್ಸಿಗೆ ಕೊಡುವ ಅಮೆರಿಕದ ಐಸ್ನರ್ ಪ್ರಶಸ್ತಿಯೂ ಬಂತು. ಅದೇ 2018ರ ಮಾರ್ಚಿನಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಇದನ್ನು ಮೂರು ಕಂತುಗಳ ನಾಟಕವಾಗಿ ತೋರಿಸಿತು. ಮೈಕ್‌ನ ಪಾತ್ರ ಮಾಡಿದವರು ಬರೂತೊ. ಎಸ್ಟೋನಿಯಾದಿಂದ ಬಂದು ಸುಮೊ ಕುಸ್ತಿಯಲ್ಲಿ ಎರಡನೆಯ ಅತಿ ಎತ್ತರದ ಓಜೆಕಿ ಪದವಿಯವರೆಗೆ ಏರಿದ ಪೈಲ್ವಾನರು. ಜಪಾನಿನ ಅಜ್ಜ ಅಜ್ಜಿಯರಿಗೆಲ್ಲ ಆಗಲೇ ಅಚ್ಚುಮೆಚ್ಚಾಗಿದ್ದ ಮುಖ ಅದು. ನನ್ನ ಸಂಗಾತಿಯ ತಾಯಿ ಆ ಮೂರೂ ಕಂತುಗಳನ್ನು ಬರೂತೊಗಾಗಿ ನೋಡಿದರು. ಮೂರನೆಯದು ಮುಗಿದ ಮರುದಿನ ಮಗನಿಗೆ ಫೋನ್ ಮಾಡಿ, ಆ ಭಾರತದ ಹುಡುಗ ಸರಿಯಾಗಿ ಊಟ ಮಾಡುತ್ತಾನೆಯೇ ಎಂದು ಕೇಳಿದರು.

ಕಾಮಿಕ್ಸಿನಿಂದ ಕಾನೂನು ಬದಲಾಗಿಲ್ಲ. ಜಪಾನಿನಲ್ಲಿ ಇಂದಿಗೂ ಇಬ್ಬರು ಗಂಡಸರು ಕಾನೂನಿನ ಪ್ರಕಾರ ಮದುವೆಯಾಗುವಂತಿಲ್ಲ. 2015ರಲ್ಲಿ ಶಿಬುಯಾ ಮತ್ತು ಸೆತಗಾಯಾ ವಾರ್ಡುಗಳು ಸಂಗಾತಿಗಳಿಗೆ ಪ್ರಮಾಣಪತ್ರ ಕೊಡಲು ತೊಡಗಿದವು. 2022ರ ನವೆಂಬರಿನಿಂದ ಟೋಕಿಯೋ ಮಹಾನಗರ ಆಡಳಿತವೂ ಕೊಡುತ್ತಿದೆ. ಅದಕ್ಕೂ ಮೊದಲು ನಾವಿಬ್ಬರೂ ಮನೆ ಹುಡುಕುವಾಗ, ಒಬ್ಬ ದಲ್ಲಾಳಿ ಅರ್ಜಿಯ ‘ಸಂಬಂಧ’ ಎಂಬ ಕಲಮಿನ ಮೇಲೆ ಪೆನ್ನಿನ ತುದಿಯಿಟ್ಟುಕೊಂಡು ಕಾದ. ನನ್ನ ಸಂಗಾತಿ ‘ಸಂಸಾರ’ ಎಂದ. ಆ ಮನೆ ನಮಗೆ ಸಿಗಲಿಲ್ಲ. ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ನಮ್ಮ ಪ್ರೀತಿ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಕೊಡಲು ಒಪ್ಪಲಿಲ್ಲ.

ಆ 2018ರ ಸಂಜೆಯೇ ನಾನು ಊರಿಗೆ ಫೋನ್ ಮಾಡಿ ಅಕ್ಕನಿಗೆ ಎಲ್ಲವನ್ನೂ ಹೇಳಿದ್ದು. ಅವಳು ಬಹಳ ಹೊತ್ತು ಮಾತಾಡದೆ, ಅಮ್ಮನಿಗೆ ಈಗಲೇ ಹೇಳಬೇಡ ಎಂದಷ್ಟೇ ಹೇಳಿ ಫೋನ್ ಇಟ್ಟಳು. ಹಲವು ವರ್ಷಗಳ ನಂತರ, ಹೋದ ವರ್ಷ ಚೆರ್‍ರಿ ಹೂವಿನ ಕಾಲದಲ್ಲಿ, ಟೋಕಿಯೋಗೆ ಬಂದಳು. ನಮ್ಮ ಮನೆಯ ಕಪಾಟಿನಲ್ಲಿದ್ದ ‘ತಮ್ಮನ ಗಂಡ’ದ ಮೊದಲ ಸಂಪುಟವನ್ನು ತೆಗೆದುಕೊಂಡು, ಬಲದಿಂದ ಎಡಕ್ಕೆ ಓದಬೇಕೆಂದು ತಿಳಿಯದೆ ಕೊನೆಯಿಂದ ನೋಡತೊಡಗಿದಳು. ನಾನು ಸರಿಮಾಡಿಕೊಟ್ಟೆ. ಓದಲು ಬರದ ಪುಸ್ತಕವನ್ನು ಅವಳು ಚಿತ್ರ ಚಿತ್ರವಾಗಿ ನೋಡುತ್ತ ಹೋದಳು. ಕಾನಾ ಮೈಕ್‌ನ ಎದೆ ಮುಟ್ಟುವ ಪುಟ ಬಂದಾಗ ನಿಲ್ಲಿಸಿದಳು.

“ಈ ಮಗೂಗೆ ಇವನು ಏನಾಗ್ಬೇಕೋ?”

“ಅವಳ ಚಿಕ್ಕಪ್ಪನ ಗಂಡ ಕಣಕ್ಕ.”

ಅಡುಗೆಮನೆಯಲ್ಲಿ ನನ್ನ ಸಂಗಾತಿ ಅವಳಿಗಾಗಿ ಕಾಫಿ ಸೋಸುತ್ತಿದ್ದ. ಅಕ್ಕ ಅವನ ಕಡೆಗೊಮ್ಮೆ ನೋಡಿ, ಮತ್ತೆ ಪುಸ್ತಕದ ಕಡೆಗೆ ನೋಡಿದಳು.

“ಚಿಕ್ಕಮ್ಮನ ಗಂಡನ್ನ ಚಿಕ್ಕಪ್ಪ ಅಂತೀವಿ. ಹಂಗಾದ್ರೆ ಇವನೂ ಚಿಕ್ಕಪ್ಪನೇ ಆದ್ನಲ್ಲೋ,” ಎಂದು ಪುಟ ತಿರುಗಿಸಿದಳು, ಈ ಸಲ ಸರಿಯಾದ ಕಡೆಗೆ.