ಸಿದ್ದಿ ಕೌದಿ ನೋಡೋಕೆ ಮುಂಡಗೋಡ, ಯಲ್ಲಾಪುರ ಕಡೆ ಹೋಗ್ತೀರಾ? ಮನೇಲಿರೋ ಹಳೇ ಸೀರೆ ಜೊತೆಗಿಟ್ಕೊಳ್ಳಿ

ಹೋದ ಡಿಸೆಂಬರ್‌ನಲ್ಲಿ ನಾನು ನಮ್ಮ ಅವ್ವ ಸೇರಿ ನಾಲ್ಕು ದಿನ ಮುಂಡಗೋಡ, ಯಲ್ಲಾಪುರ, ಮಂಚಿಕೇರಿ, ಆಮೇಲೆ ಕೆಳಗೆ ಹೆಗ್ಗೋಡಿನ ತನಕ ಹೋಗಿಬಂದ್ವಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಮಕ್ಕಳು ಹಳೇ ಬಟ್ಟೆ ತುಂಡು ಸೇರಿಸಿ ಹೊಲಿಯೋ ಕೌದಿ, ಅಂದ್ರೆ ಹೊದಿಕೆ, ನೋಡ್ಬೇಕು, ಒಂದು ಹೊಲಿಸ್ಕೋಬೇಕು ಅಂತಾನೇ ಹೋಗಿದ್ದು. ಬಂದ್ಮೇಲೆ ಫೋಟೋ ನೋಡಿ ಸುಮಾರು ಜನ ಹೇಗೆ ಹೋಗೋದು, ಯಾರನ್ನ ಕೇಳೋದು, ಎಷ್ಟು ಖರ್ಚಾಗುತ್ತೆ ಅಂತ ಕೇಳ್ತಾನೇ ಇದ್ದಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ, ಸ್ವಲ್ಪ ಉದ್ದ ಆಗಬಹುದು.

ಮೊದಲು ಒಂದು ವಿಷಯ ಹೇಳ್ಬಿಡ್ತೀನಿ. ನಾನು ಇದಕ್ಕೆ ಮುಂಚೆ ಒಂದ್ಸಲ ಆ ಕಡೆ ಹೋಗಿದ್ದೆ, ಫ್ರೆಂಡ್ಸ್ ಜೊತೆ, ಮಾಗೋಡು ಜಲಪಾತ ನೋಡ್ಕೊಂಡು ವಾಪಸ್ ಬರ್ತಾ ದಾರೀಲಿ ಒಂದು ಸಿದ್ದಿ ಕೇರಿ ಹತ್ರ ಗಾಡಿ ನಿಲ್ಸಿದ್ವಿ. ಯಾರಿಗೂ ಹೇಳಿರ್ಲಿಲ್ಲ, ಕೇಳಿರ್ಲಿಲ್ಲ. ನಮ್ಮಲ್ಲೊಬ್ಬ ಇಳಿದವನೇ ಫೋನ್ ತೆಗೆದು ಮಕ್ಕಳ ಫೋಟೋ ಹೊಡೆಯೋಕೆ ಶುರು ಮಾಡಿದ, ಇನ್ನೊಬ್ಬ ಅಲ್ಲಿದ್ದ ಅಜ್ಜನಿಗೆ 'ಒಂದ್ ಡ್ಯಾನ್ಸ್ ಮಾಡ್ತೀರಾ' ಅಂದ. ಆ ಅಜ್ಜ ಏನೂ ಮಾತಾಡ್ಲಿಲ್ಲ, ಎದ್ದು ಒಳಗೆ ಹೋದ್ರು. ಆ ಬೆನ್ನು ನನಗೆ ಇವತ್ತಿಗೂ ಕಣ್ಮುಂದೆ ಇದೆ. ಹಾಗಾಗಿ ಈ ಬರಹ ಓದಿ ಹೋಗೋರು ದಯವಿಟ್ಟು 'ಆಫ್ರಿಕಾದವರ ಥರ ಇರೋ ಜನ' ನೋಡೋಕೆ ಅಂತ ಹೋಗಬೇಡಿ. ಕಲಾವಿದರ ಹತ್ರ ಹೋಗ್ತಿದೀವಿ ಅಂತ ತಿಳ್ಕೊಂಡು ಹೋಗಿ, ಚನ್ನಪಟ್ಟಣದಲ್ಲೋ ಕಿನ್ನಾಳದಲ್ಲೋ ಕುಶಲಕರ್ಮಿಗಳ ಮನೆಗೆ ಹೇಗೆ ಹೋಗ್ತೀವೋ ಹಾಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಸಿದ್ದಿಗಳ ಪೂರ್ವಜರನ್ನ ಆಫ್ರಿಕಾದ ಪೂರ್ವ ಕರಾವಳಿ ಕಡೆಯಿಂದ ಅರಬ್ ವ್ಯಾಪಾರಿಗಳು, ಆಮೇಲೆ ಪೋರ್ಚುಗೀಸರು ಹಡಗಲ್ಲಿ ತಂದ್ರು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋದ್ಮೇಲೆ ಅಲ್ಲಿ ಗುಲಾಮರ ವ್ಯಾಪಾರ ಜೋರಾಗಿ ನಡೀತಿತ್ತು, ಅಲ್ಲಿಂದ ತಪ್ಪಿಸ್ಕೊಂಡವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಾಡುಗಳಲ್ಲಿ ನೆಲೆಯಾದ್ರು. ಅವರಲ್ಲಿ ಹಿಂದೂ ಸಿದ್ದಿ, ಕ್ರಿಶ್ಚಿಯನ್ ಸಿದ್ದಿ, ಮುಸ್ಲಿಂ ಸಿದ್ದಿ ಮೂರೂ ಇದ್ದಾರೆ. ಮನೇಲಿ ಕೊಂಕಣಿ ಥರದ ಮಾತು, ನಮ್ಮ ಜೊತೆ ಕನ್ನಡ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಇಷ್ಟು ತಿಳ್ಕೊಂಡು ಹೋದ್ರೆ 'ನೀವು ಯಾವ ದೇಶದವರು' ಅನ್ನೋ ಪ್ರಶ್ನೆ ಬಾಯಿಗೆ ಬರಲ್ಲ. ಆ ಪ್ರಶ್ನೆ ಕೇಳಿ ಕೇಳಿ ಅವರಿಗೆ ಸಾಕಾಗಿದೆ, ಬೆಂಗಳೂರಲ್ಲಿ ಓದ್ತಿರೋ ಸಿದ್ದಿ ಹುಡುಗಿಯೊಬ್ಬಳು ನನಗೆ ಹೇಳಿದ ಮಾತಿದು, ಆಟೋದವರು ಅವಳ ಹತ್ರ ಇಂಗ್ಲಿಷಲ್ಲೇ ಶುರು ಮಾಡ್ತಾರಂತೆ.

ಈ ಸಲ ನಾನು ಮೊದಲೇ ಫೋನ್ ಮಾಡಿಸಿದ್ದೆ. ಆ ಕಡೆ ಶಾಲೆಯಲ್ಲಿ ಕೆಲಸ ಮಾಡೋ ಪರಿಚಯದವರು ಒಬ್ರು ಇದ್ರು, ಅವರ ಮೂಲಕ ಕೌದಿ ಹೊಲಿಯೋ ಒಬ್ಬ ಸಿದ್ದಿ ಅಕ್ಕನ ಹತ್ರ ಮಾತಾಡಿ ದಿನ ಗೊತ್ತು ಮಾಡ್ಕೊಂಡ್ವಿ. ನಿಮಗೆ ಪರಿಚಯ ಇಲ್ಲ ಅಂದ್ರೆ ಊರಿನ ಅಂಗನವಾಡಿ, ಸ್ವಸಹಾಯ ಸಂಘ, ಪಂಚಾಯ್ತಿ, ಹೀಗೆ ಯಾರ ಮೂಲಕ ಆದ್ರೂ ಒಂದು ಮಾತು ಹೇಳಿಸಿ, ಸುಮ್ನೆ ನುಗ್ಗಬೇಡಿ.

ದಾರಿ ಸುಲಭ. ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಬಸ್ಸು ಬೇಕಾದಷ್ಟಿವೆ, ಒಂದೂವರೆ ಗಂಟೆ ಹಿಡೀರಿ. ಮುಂಡಗೋಡದಿಂದ ಯಲ್ಲಾಪುರದ ಕಡೆ ಹೋದ್ರೆ ಗುಂಜಾವತಿ, ಮೈನಳ್ಳಿ ಈ ಭಾಗದಲ್ಲೆಲ್ಲಾ ಕೌದಿ ಹೊಲಿಯೋರು ಇದ್ದಾರೆ. ನೇರ ಯಲ್ಲಾಪುರಕ್ಕೆ ಹೋಗೋದಾದ್ರೆ ಹುಬ್ಬಳ್ಳಿ ಅಂಕೋಲಾ ಹೈವೇ, ಕಲಘಟಗಿ ಮೇಲೆ. ಉಳ್ಕೊಳ್ಳೋಕೆ ಯಲ್ಲಾಪುರ ಇಲ್ಲಾ ಶಿರಸಿ ಒಳ್ಳೇದು. ಒಳಗಿನ ಹಳ್ಳಿಗಳಿಗೆ ಬಸ್ಸು ಕಡಿಮೆ, ನಾವು ಒಂದು ದಿನ ಬಾಡಿಗೆ ಗಾಡಿ ಮಾಡ್ಕೊಂಡ್ವಿ. ಕಾಡು ಶುರುವಾದ್ಮೇಲೆ ನಮ್ಮಿಬ್ಬರ ಫೋನಲ್ಲೂ ನೆಟ್ವರ್ಕ್ ಇರ್ಲಿಲ್ಲ, ಹಾಗಾಗಿ ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ, ಕ್ಯಾಶ್ ಇಟ್ಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ ವಿಪರೀತ, ಆಗ ಬೇಡ.

ಟೈಮಿಂಗ್ ವಿಷಯ ನಾವು ಒಂದು ತಪ್ಪು ಮಾಡಿದ್ವಿ. ಡಿಸೆಂಬರ್ ಅಂದ್ರೆ ಭತ್ತದ ಕೊಯ್ಲು, ಬೆಳಿಗ್ಗೆ ಹತ್ತಕ್ಕೆ ಹೋದ್ರೆ ಮನೆಗಳಲ್ಲಿ ಯಾರೂ ಇಲ್ಲ, ಎಲ್ಲರೂ ಗದ್ದೆ ಕೆಲಸಕ್ಕೆ ಹೋಗಿದ್ರು. ಅಕ್ಕ ನಮಗೋಸ್ಕರ ಅರ್ಧ ದಿನದ ಕೂಲಿ ಬಿಟ್ಟು ಮನೇಲಿ ಉಳ್ಕೊಂಡಿದ್ರು ಅಂತ ಗೊತ್ತಾಗಿದ್ದು ಸಂಜೆ, ಅದೂ ಬೇರೆಯವರು ಹೇಳಿ. ಹಾಗಾಗಿ ಸಂಜೆ ಐದರ ಮೇಲೆ ಹೋಗಿ, ಇಲ್ಲಾ ಭಾನುವಾರ ಕೇಳಿ. ಅವರ ಟೈಮ್ ತಗೊಂಡ್ರೆ ಆ ಕೂಲಿಯನ್ನ ನೀವೇ ನೆನಪಿಟ್ಟು ಕೊಡಿ, ಅವರಾಗೇ ಕೇಳಲ್ಲ.

ಈಗ ಕೌದಿ. ನಮ್ಮ ಧಾರವಾಡ ಕಡೆ ಕೌದಿ ಎಲ್ಲರ ಮನೇಲೂ ಇರುತ್ತೆ, ಅವ್ವ ತಾನೇ ಐದಾರು ಹೊಲಿದಿದ್ದಾಳೆ, ಹಾಗಾಗಿ ಅವಳಿಗೆ 'ಅದರಾಗೇನೈತಿ ನೋಡೂದು' ಅನ್ನೋ ಭಾವನೆ ಇತ್ತು. ಅಕ್ಕ ಮಂಚದ ಮೇಲಿದ್ದ ಕೌದಿ ತಂದು ಅಂಗಳದಲ್ಲಿ ಹಾಸಿದ್ರು ನೋಡಿ, ಅವ್ವ ಮಾತಾಡೋದು ನಿಲ್ಸಿ ಮೊಣಕಾಲೂರಿ ಕೂತ್ಬಿಟ್ಟಳು. ಮೊದಲು ತಿರುವಿ ಹಿಂಬದಿ ನೋಡಿದ್ಳು. ಹೊಲಿಗೆ ಗೊತ್ತಿರೋರು ಯಾವಾಗ್ಲೂ ಹಿಂದೆ ನೋಡ್ತಾರೆ. ಹಿಂದೆ ಒಂದು ಹಳೇ ಕಾಟನ್ ಸೀರೆ, ಅದರ ತುಂಬಾ ಸಣ್ಣ ಸಣ್ಣ ಹೊಲಿಗೆ, ಅಂಚಿಂದ ಶುರುವಾಗಿ ಸುತ್ತು ಹಾಕ್ತಾ ಹಾಕ್ತಾ ಒಳಗೆ ನಡೂಮಧ್ಯಕ್ಕೆ ಬಂದು ಮುಗಿಯುತ್ತೆ. ಅವ್ವ ಹೊಲಿಯೋದು ಈ ತುದಿಯಿಂದ ಆ ತುದಿಗೆ ಸಾಲು ಸಾಲಾಗಿ. ಇಲ್ಲಿ ಮೊದಲೇ ತುಂಡು ಜೋಡಿಸಿ ಇಟ್ಕೊಳ್ಳಲ್ಲ, ಒಂದು ಮೂಲೆಯಿಂದ ಶುರು ಮಾಡಿ ತುಂಡು ಇಡ್ತಾ ಹೊಲೀತಾ ಹೋಗೋದು, ಮುಂದಿನ ತುಂಡು ಯಾವ ಬಣ್ಣ ಅನ್ನೋದು ಅಲ್ಲಲ್ಲೇ ತೀರ್ಮಾನ. ಪೇಪರ್ ಮೇಲೆ ಡಿಸೈನ್ ಇಲ್ಲ, ಅಳತೆ ಟೇಪ್ ಇಲ್ಲ. ಕೆಂಪಿನ ಪಕ್ಕ ಯಾಕೆ ಆ ಹಳದಿ ಇಟ್ರಿ ಅಂತ ನಾನು ಕೇಳ್ದೆ. ಅದು ಅಲ್ಲಿ ಕೂರ್ಬೇಕು ಅಂತು, ಕೂರ್ಸಿದೆ ಅಂದ್ರು ಅಕ್ಕ.

ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಸಣ್ಣ ಸಣ್ಣ ತ್ರಿಕೋನ ಒಂದರ ಮೇಲೊಂದು ಪದರ ಕೂರ್ಸಿರ್ತಾರೆ, ಅದಕ್ಕೆ ಫುಲಾ ಅಂತಾರೆ, ಹೂವು ಅಂತ ಅರ್ಥ. ಅವ್ವ ಇದು ಯಾಕೆ ಬೇಕು ಅಂತ ಕೇಳಿದ್ದಕ್ಕೆ ಅಕ್ಕ 'ಅಮ್ಮಾ, ಫುಲಾ ಇಲ್ದಿದ್ರೆ ಕೌದಿ ಬೆತ್ತಲೆ ಇದ್ದಂಗೆ' ಅಂದ್ರು. ದೊಡ್ಡ ತುಂಡುಗಳ ಮೇಲೆ ಸಣ್ಣ ಚೌಕ ಚೌಕ ಬಟ್ಟೆ ಹಾಕ್ತಾರೆ, ಟಿಕ್ಲಿ. ಮಗುವಿನ ಕೌದಿಯಲ್ಲಿ ಇದು ತುಂಬಾ ಜಾಸ್ತಿ, ಬಣ್ಣ ಕಣ್ಣಿಗೆ ಕುಕ್ಕುತ್ತೆ. ಕ್ರಿಶ್ಚಿಯನ್ ಸಿದ್ದಿ ಮನೇಲಿ ಶಿಲುಬೆ, ಮುಸ್ಲಿಂ ಸಿದ್ದಿ ಮನೇಲಿ ಅರ್ಧಚಂದ್ರ ಇರೋ ಕೌದಿಗಳೂ ಸಿಗುತ್ವೆ.

ಆಮೇಲೆ ನಡೆದಿದ್ದು ನನಗೆ ಇಡೀ ಟ್ರಿಪ್‌ನಲ್ಲಿ ಅತಿ ಇಷ್ಟವಾದ ಭಾಗ. ಅವ್ವ ಬ್ಯಾಗಿಂದ ನಮ್ಮ ಅಜ್ಜಿಯ ಸೀರೆಗಳು ತೆಗೆದ್ಳು, ಅಜ್ಜಿ ಹೋಗಿ ಆರು ವರ್ಷ ಆಯ್ತು, ಟ್ರಂಕಲ್ಲಿ ಹಾಗೇ ಇದ್ವು. ಅಕ್ಕ ಒಂದೊಂದೇ ಕೈಯಲ್ಲಿ ಉಜ್ಜಿ ನೋಡಿ ಎರಡು ಗುಡ್ಡೆ ಮಾಡಿದ್ರು. ರೇಷ್ಮೆ, ಪಾಲಿಸ್ಟರ್ ಎಲ್ಲಾ ವಾಪಸ್, ಜಾರುತ್ತೆ, ಸೂಜಿ ಹಿಡಿಯಲ್ಲ. ಕಾಟನ್ ಮಾತ್ರ ಇಟ್ಕೊಂಡ್ರು, ಅದರಲ್ಲೂ ತೊಳೆದು ತೊಳೆದು ಮೆತ್ತಗಾಗಿದ್ದು. ಒಂದು ಕಾಟನ್ ಇಳಕಲ್ ಸೀರೆಯ ಸೆರಗು ಕತ್ತರಿಸಬೇಡ ಅಂತ ಅವ್ವ, ನಡುವಲ್ಲಿ ಇಡೀದು ಕೂರ್ಸ್ತೀನಿ ಬಿಡಿ ಅಂತ ಅಕ್ಕ. ಅವ್ವ ಅವರನ್ನ 'ತಂಗೀ' ಅಂತ ಕರೆಯೋಕೆ ಶುರು ಮಾಡಿದ್ದು ಅಲ್ಲಿಂದಲೇ. 'ತಂಗೀ, ಎಷ್ಟ ದಿನಾ ಹಿಡಿತೈತಿ?' ಅಂದ್ರೆ ಇಬ್ಬರು ಮಲಗೋ ಕೌದಿಗೆ ಮನೆಗೆಲಸ ಕೂಲಿ ಎಲ್ಲಾ ಮುಗಿಸಿ ರಾತ್ರಿ ಹೊತ್ತು ಕೂತ್ರೆ ತಿಂಗಳು ದಾಟುತ್ತೆ ಅಂದ್ರು. ಯುಗಾದಿಗೆ ಬಂದು ತಗೊಳ್ಳೋದು ಅಂತ ಆಯ್ತು.

ದುಡ್ಡಿನ ಬಗ್ಗೆ ತುಂಬಾ ಜನ ಕೇಳಿದ್ರಿ. ನಾನು ರೇಟ್ ಬರೆಯಲ್ಲ, ಸೈಜು, ಕೆಲಸ ನೋಡಿ ಬದಲಾಗುತ್ತೆ, ನಾನು ಬರೆದ್ರೆ ಅದನ್ನೇ ಹಿಡ್ಕೊಂಡು ಹೋಗಿ ಚೌಕಾಸಿ ಮಾಡ್ತಾರೆ. ನೀವೇ ಲೆಕ್ಕ ಹಾಕಿ, ಎಷ್ಟು ದಿನದ ಕೆಲಸ, ಅಲ್ಲಿ ದಿನಗೂಲಿ ಎಷ್ಟು, ಅದರ ಮೇಲೆ ಕಲೆಯ ಬೆಲೆ. ಆ ಲೆಕ್ಕಕ್ಕಿಂತ ಕಮ್ಮಿಗೆ ಸಿಕ್ತು ಅಂದ್ರೆ ಅದು ಲಾಭ ಅಲ್ಲ, ಯಾರದೋ ರಾತ್ರಿ ನಿದ್ದೆ. ಅರ್ಧ ಅಡ್ವಾನ್ಸ್ ಕೊಡಿ. ಇನ್ನೊಂದು, ಒಂದು ಪೇಟೆ ಅಂಗಡೀಲಿ ಸಿದ್ದಿ ಕೌದಿ ಅಂತ ಹೇಳಿ ಒಂದು ಕೊಟ್ಟರು, ರೂಮಿಗೆ ಬಂದು ಅವ್ವ ತಿರುವಿ ನೋಡಿದ್ರೆ ಪೂರ್ತಿ ಮಷಿನ್ ಹೊಲಿಗೆ, ಸರಳ ರೇಖೆ. ಹಿಂಬದಿ ನೋಡದೆ ತಗೋಬೇಡಿ, ಕೈ ಹೊಲಿಗೆ ಅಂದ್ರೆ ಅದು ಉಸಿರಾಡಿದ ಹಾಗೆ ಸ್ವಲ್ಪ ಆ ಕಡೆ ಈ ಕಡೆ ಹೋಗಿರುತ್ತೆ.

ಈ ಕೌದಿಗಳು ಎಲ್ಲಿಯವರೆಗೆ ಹೋಗಿವೆ ಅಂತ ನಮಗೇ ಗೊತ್ತಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಅಧ್ಯಯನ ಮಾಡಿ, 2004ರ ಹೊತ್ತಿಗೆ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಒಂದು ಶುರುವಾಗೋಕೆ ಕೈ ಜೋಡಿಸಿದ್ರು, 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರೋ ಶಾಂಬರ್ಗ್ ಸೆಂಟರ್‌ನಲ್ಲಿ ಇವುಗಳ ಪ್ರದರ್ಶನ ಆಯ್ತು. ಹಾರ್ಲೆಮ್ ಅಂದ್ರೆ ಕಪ್ಪು ಜನರ ಕಲೆಗೆ ಒಂದು ಕಾಲದಲ್ಲಿ ರಾಜಧಾನಿ ಇದ್ದ ಹಾಗೆ, ಅಲ್ಲಿಗೆ ನಮ್ಮ ಮುಂಡಗೋಡದ ಹಳೇ ಸೀರೆ ತುಂಡು ಹೋಗಿ ಗೋಡೆ ಮೇಲೆ ಕೂತಿತ್ತು. ಬೆಂಗಳೂರಲ್ಲಿ ನನ್ನ ಆಫೀಸಲ್ಲಿ ಕೇಳಿದ್ರೆ ಹತ್ತರಲ್ಲಿ ಎಂಟು ಜನಕ್ಕೆ ಸಿದ್ದಿ ಅನ್ನೋ ಹೆಸರೇ ಗೊತ್ತಿರ್ಲಿಲ್ಲ, ಇದು ನನಗೆ ನಿಜಕ್ಕೂ ಬೇಜಾರು.

ಸಂಗೀತ, ಕುಣಿತದ ವಿಷಯಕ್ಕೆ ಬಂದ್ರೆ ಡಮಾಮಿ ಹೆಚ್ಚು ಹೆಸರಾಗಿರೋದು, ಡಮಾಮ ಅನ್ನೋ ದೊಡ್ಡ ವಾದ್ಯದಿಂದ ಆ ಹೆಸರು. ಹೆಣ್ಮಕ್ಕಳದ್ದು ಫುಗಡಿ, ಕೈ ಕೈ ಹಿಡಿದು ಸುತ್ತು ತಿರುಗ್ತಾ ಬಾಯಲ್ಲೇ ಫೂ ಫೂ ಅಂತ ತಾಳ ಹಾಕೋದು. ಇದನ್ನ ನೋಡ್ಬೇಕು ಅಂದ್ರೆ ಕಾರ್ಯಕ್ರಮ ಇರೋವಾಗ ಹೋಗಿ, ಇಲ್ಲಾ ತಂಡಕ್ಕೆ ಮೊದಲೇ ಹೇಳಿ, ಸಂಭಾವನೆ ಮಾತಾಡಿ ಕರೆಸಿ. ಮನೆ ಬಾಗಿಲಲ್ಲಿ ನಿಂತು ಕುಣೀರಿ ಅನ್ನೋದು ಬೇಡವೇ ಬೇಡ, ಮೇಲೆ ಹೇಳಿದ್ನಲ್ಲ.

ಮೂರನೇ ದಿನ ಯಲ್ಲಾಪುರ ಶಿರಸಿ ನಡುವೆ ಮಂಚಿಕೇರಿಯಲ್ಲಿ ಇಳಿದು ಚಹಾ ಕುಡಿದು, ಶಿರಸಿ, ಸಿದ್ದಾಪುರ ಮೇಲೆ ಸಾಗರಕ್ಕೆ ಬಂದ್ವಿ. ಸಾಗರದಿಂದ ಹೆಗ್ಗೋಡು ಹತ್ರ, ಆಟೋ ಸಿಗುತ್ತೆ. ಕೌದಿ ನೋಡೋಕೆ ಹೋದೋಳು ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂಗೆ ಯಾಕೆ ಹೋದೆ ಅಂತ ಕೇಳಬಹುದು. 1949ರಲ್ಲಿ ಕೆ.ವಿ. ಸುಬ್ಬಣ್ಣ ಅವರ ಕಾಲದಲ್ಲಿ ಶುರುವಾದ ಸಂಸ್ಥೆ, 1980ರಲ್ಲಿ ರಂಗಶಿಕ್ಷಣ ಕೇಂದ್ರ ಆಯ್ತು, ಆಮೇಲೆ ಈ ಕಾಡಿನ ಸಿದ್ದಿ ಹುಡುಗ ಹುಡುಗಿಯರು ಹಲವರು ಅಲ್ಲಿ ಕಲಿತು ನಟರಾದ್ರು. ಗಿರಿಜಾ ಸಿದ್ದಿ ಅವರ ಹಾಡು ಕೇಳದವರು ಒಮ್ಮೆ ಹುಡುಕಿ ಕೇಳಿ, ರಂಗದ ಮೇಲೆ ಆ ದನಿ ಎದ್ದರೆ ಮೈಕ್ ಬೇಡ. ಪ್ರಶಾಂತ್ ಸಿದ್ದಿ ಅವರನ್ನ ಸಿನಿಮಾಗಳಲ್ಲಿ ನೋಡಿರ್ತೀರಿ, ಅವರೂ ನೀನಾಸಂನಲ್ಲಿ ಕಲಿತವರೇ. ಕೌದಿ ಹೊಲಿಯೋ ಅಕ್ಕನ ಮನೇಲಿ ಹತ್ತನೇ ಕ್ಲಾಸ್ ಓದೋ ಹುಡುಗ ಒಬ್ಬ ಇದ್ದ, ಅವನಿಗೆ ನಾಟಕದ ಹುಚ್ಚು, ಪಿಯುಸಿ ಮುಗಿಸಿ ಹೆಗ್ಗೋಡಿಗೆ ಹೋಗ್ತೀನಿ ಅಂತಿದ್ದ. ತಾಯಿ ರಾತ್ರಿ ಕೂತು ಹೊಲೀತಾರೆ, ಮಗ ಪಕ್ಕದಲ್ಲಿ ಡೈಲಾಗ್ ಬಾಯಿಪಾಠ ಮಾಡ್ತಾನೆ, ಅದನ್ನ ನೋಡಿದ್ಮೇಲೆ ನನಗೆ ಆ ಸ್ಟೇಜು ಹೇಗಿದೆ ನೋಡಲೇಬೇಕು ಅನ್ನಿಸ್ತು, ಅಷ್ಟೇ ಕಾರಣ. ನೀವು ಹೋಗೋದಾದ್ರೆ ನಾಟಕ ಇರೋ ದಿನ ವಿಚಾರಿಸಿ ಹೋಗಿ. ಮಳೆಗಾಲ ಮುಗಿದ್ಮೇಲೆ ಅವರ ತಿರುಗಾಟ ತಂಡ ಊರೂರಿಗೆ ಹೊರಡುತ್ತೆ, ನಿಮ್ಮೂರಿಗೇ ಬರಬಹುದು.

ಯುಗಾದಿ ಹಿಂದಿನ ವಾರ ನಾನೊಬ್ಬಳೇ ಹೋಗಿ ಕೌದಿ ತಂದೆ. ಪಾರ್ಸಲ್ ಮಾಡಿ ಅನ್ನಬೇಡಿ, ಒಳಗಿನ ಹಳ್ಳಿಯಿಂದ ಕೊರಿಯರ್ ಮಾಡೋಕೆ ಅವರು ಬಸ್ಸು ಹತ್ತಿ ಪೇಟೆಗೆ ಬರಬೇಕು, ನೀವೇ ಹೋಗಿ ತಗೊಳ್ಳಿ. ಇಬ್ಬರ ಕೌದಿ ಒಳ್ಳೇ ಭಾರ ಇರುತ್ತೆ, ಮಡಚಿದ್ರೂ ದೊಡ್ಡ ಗಂಟು, ಬಸ್ಸಲ್ಲಿ ಬರೋರು ದೊಡ್ಡ ಬ್ಯಾಗ್ ತಗೊಂಡು ಹೋಗಿ. ತೊಳೆಯೋದು ತಣ್ಣೀರಲ್ಲಿ, ಮೊದಲ ಸಲ ಒಂದನ್ನೇ ನೆನೆಸಿ, ಬಣ್ಣ ಬಿಡುತ್ತೆ, ವಾಷಿಂಗ್ ಮಷಿನ್ ಬೇಡ, ಮೂಲೆಯ ಫುಲಾ ಹಿಡಿದು ಜಗ್ಗಬೇಡಿ. ಹಿಂಡೋಕೆ ಇಬ್ಬರು ಬೇಕು. ನಮ್ಮ ಮನೇಲಿ ಒಂದು ತುದಿ ಅವ್ವ, ಇನ್ನೊಂದು ತುದಿ ನಾನು ಹಿಡ್ಕೊಂಡಿದ್ವಿ, ಅಜ್ಜಿಯ ಇಳಕಲ್ ಸೆರಗು ಸರಿಯಾಗಿ ನಡುವಲ್ಲಿತ್ತು.