ನೂರು ವರ್ಷಕ್ಕೊಮ್ಮೆಯ ನೆರೆ

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಅಂದ ಕೂಡಲೇ ಕೇಳಿದವರು ನಿರಾಳ. ಹೋದ ವರ್ಷ ಬಂತಲ್ಲ, ಇನ್ನು ಮೊಮ್ಮಕ್ಕಳ ಕಾಲಕ್ಕೆ ನೋಡಿಕೊಂಡರಾಯಿತು! ಆದರೆ ಅದರ ಅರ್ಥ ಬೇರೆ: ಪ್ರತಿ ವರ್ಷವೂ ಶೇ. 1ರಷ್ಟು ಸಾಧ್ಯತೆ, ಹೋದ ವರ್ಷ ಬಂದಿರಲಿ ಬಿಡಲಿ. ಅಂದರೆ ಒಂದು ವರ್ಷ ನೆರೆ ಬಾರದಿರುವ ಸಾಧ್ಯತೆ 0.99. ಅದನ್ನು ಅದರಿಂದಲೇ ಗುಣಿಸುತ್ತಾ 30 ವರ್ಷಕ್ಕೆ ಲೆಕ್ಕ ಹಾಕಿ, ಒಮ್ಮೆಯೂ ಬಾರದಿರುವ ಸಾಧ್ಯತೆ ಸುಮಾರು 0.74 ಬರುತ್ತದೆ. ಅಂದರೆ 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ಶೇ. 26. ನಾಲ್ಕರಲ್ಲಿ ಒಂದು! ಅಂಕಿ ಅದೇ, ಹೇಳುವ ರೀತಿ ಬೇರೆ. ತಡೆಗೋಡೆಗೆ ದುಡ್ಡು ಮಂಜೂರಾಗುವುದು ಎಷ್ಟೋ ಸಲ ಇಷ್ಟರ ಮೇಲೇ ನಿಂತಿರುತ್ತದೆ.

ಸಂಖ್ಯೆ ತೀರಾ ದೊಡ್ಡದಾದರೆ ಇನ್ನೊಂದು ಪಾಡು, ಮನಸ್ಸೇ ಮರಗಟ್ಟುತ್ತದೆ. ಎಣ್ಣೆ ಕೊಳಗಳಲ್ಲಿ ಸಾಯುವ ವಲಸೆ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರಿ ಅಂತ ಅಮೆರಿಕದಲ್ಲಿ ಮೂರು ಗುಂಪುಗಳನ್ನು ಕೇಳಿದ್ದರು. ಸರಾಸರಿ ಉತ್ತರ: 2,000 ಹಕ್ಕಿಗೆ 80 ಡಾಲರ್, 20,000ಕ್ಕೆ 78, 2,00,000ಕ್ಕೆ 88. ಜನ ಬೆಲೆ ಕಟ್ಟಿದ್ದು ಮನಸ್ಸಿನಲ್ಲಿ ಮೂಡಿದ, ಎಣ್ಣೆ ಮೆತ್ತಿ ರೆಕ್ಕೆ ಬಿಚ್ಚಲಾಗದ ಒಂದೇ ಹಕ್ಕಿಯ ಚಿತ್ರಕ್ಕೆ. (ಮತ ಕೇಳುವವರಿಗೆ ಈ ಗುಟ್ಟು ಗೊತ್ತು, ಪರಿಸರ ವರದಿ ಬರೆಯುವವರಿಗೆ ಕೋಷ್ಟಕದ ಮೇಲೇ ಮೋಹ.) ತಲಾ ಹಕ್ಕಿಗೆ ಹಂಚಿ ನೋಡಿ: ಮೊದಲ ಗುಂಪಿನದು 4 ಸೆಂಟ್, ಕೊನೆಯದು ಒಂದು ಸೆಂಟಿನ ಇಪ್ಪತ್ತನೇ ಒಂದು ಪಾಲೂ ಇಲ್ಲ.