ಸ್ಕೋಪ್‌ನ ಎಸ್‌ಡಿ ಕಾರ್ಡ್ ಬ್ಯಾಕಪ್: ಎರಡು ನಕಲು, ಎರಡು ಬೇರೆ ಹ್ಯಾಶ್

ಶನಿವಾರ ರಾತ್ರಿ

ಮೇಜಿನ ಮೇಲಿರುವ ರಿಗಾಲ್ ಡಿಎಚ್‌ಒ804 ನೋಡೋಕೆ ಆಸಿಲೋಸ್ಕೋಪ್, ಅಂದರೆ ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಯಂತ್ರ. ಒಳಗಿರುವುದು ಆಂಡ್ರಾಯ್ಡ್ ಓಡುವ ಪುಟ್ಟ ಕಂಪ್ಯೂಟರ್. ರಾಕ್‌ಚಿಪ್ ಆರ್‌ಕೆ3399 ಪ್ರೊಸೆಸರ್, ಜೊತೆಗೆ 32 ಜಿಬಿಯ ಮೈಕ್ರೋ ಎಸ್‌ಡಿ ಕಾರ್ಡ್. ಆಪರೇಟಿಂಗ್ ಸಿಸ್ಟಮ್, ಸ್ಕೋಪ್‌ನ ಆ್ಯಪ್, ಅಳತೆ ಸರಿಯಾಗಿ ಬರಲು ಬೇಕಾದ ಕ್ಯಾಲಿಬ್ರೇಷನ್ ಅಂಕಿಗಳು ಎಲ್ಲವೂ ಉಗುರಿನಷ್ಟಗಲದ ಆ ಕಾರ್ಡಿನಲ್ಲೇ. ಫ್ಲ್ಯಾಶ್ ಮೆಮೊರಿ ಬರೆದು ಬರೆದು ಸವೆಯುತ್ತದೆ ಅಲ್ವಾ? ಕಾರ್ಡ್ ಕೈಕೊಟ್ಟ ದಿನ ಸ್ಕೋಪ್ ಆನ್ ಆಗುವುದೇ ಇಲ್ಲ. ಬೇರೆಯವರ ಇಮೇಜ್ (ಇಡೀ ಕಾರ್ಡಿನ ತದ್ರೂಪು ಫೈಲ್) ತಂದು ಹಾಕಿದರೂ ಅದರಲ್ಲಿರುವ ಕ್ಯಾಲಿಬ್ರೇಷನ್ ಅವರ ಸ್ಕೋಪಿನದು. ನನ್ನದರ ಅಂಕಿಗಳನ್ನು ನಾನೇ ಕಾಪಾಡಿಕೊಳ್ಳಬೇಕು.

ಪವರ್ ಕೇಬಲ್ ತೆಗೆದು ಹಿಂದಿನ ಕವರ್ ಬಿಚ್ಚಿದೆ. ವಾರಂಟಿಗೆ ತೊಂದರೆ ಆಗಬಹುದು ಅಂತ ಗೊತ್ತಿದ್ದೇ ಕೈ ಹಾಕಿದ್ದು.

ಫೈಲ್‌ಗಳನ್ನಷ್ಟೇ ಕಾಪಿ ಮಾಡಿದರೆ ಇಲ್ಲಿ ಸಾಲದು. ಈ ಪ್ರೊಸೆಸರ್ ತನ್ನ ಮೊದಲ ಬೂಟ್‌ಲೋಡರನ್ನು (ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಕಾರ್ಡಿನ 64ನೇ ಸೆಕ್ಟರ್‌ನಿಂದ ಓದುತ್ತದೆ. ಸೆಕ್ಟರ್‌ಗೆ 512 ಬೈಟ್, ಅಂದರೆ ಶುರುವಿನಿಂದ ಸರಿಯಾಗಿ 32 ಕೆಬಿ ಆಚೆ. ಅದು ಫೈಲ್ ಅಲ್ಲ, ಫೈಲ್ ಮ್ಯಾನೇಜರ್‌ನಲ್ಲಿ ಹುಡುಕಿದರೂ ಕಾಣಲ್ಲ. ಹಾಗಾಗಿ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೂ ಇಡೀ ಕಾರ್ಡನ್ನೇ ಎತ್ತಬೇಕು.

ಲಿನಕ್ಸ್ ಲ್ಯಾಪ್‌ಟಾಪಿಗೆ ರೀಡರ್ ಸಿಕ್ಕಿಸಿ, ಕಾರ್ಡ್ ಯಾವ ಹೆಸರಲ್ಲಿ ಬಂದಿದೆ ಅಂತ ಎರಡು ಸಲ ನೋಡಿಕೊಂಡು, ಬೈಟ್ ಬೈಟ್ ನಕಲು ಮಾಡುವ ‘ಡಿಡಿ’ ಕಮಾಂಡ್ ಓಡಿಸಿದೆ. ಸೆಕೆಂಡಿಗೆ ಸುಮಾರು 20 ಎಂಬಿ ವೇಗ, ಅರ್ಧ ಗಂಟೆ ಹತ್ತಿರ ಹಿಡಿಯಿತು. ಕಾರ್ಡ್ ತೆಗೆದು ಮತ್ತೆ ಹಾಕಿ ಇನ್ನೊಂದು ನಕಲು ಮಾಡಿದೆ. ಎರಡರ ಎಸ್‌ಎಚ್‌ಎ256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು, ಒಂದು ಬೈಟ್ ಬದಲಾದರೂ ಬೇರೆಯಾಗುತ್ತದೆ) ಹಾಕಿದರೆ ಒಂದಕ್ಕೊಂದು ಹೊಂದಲೇ ಇಲ್ಲ.

ಕಾರ್ಡ್ ಆಗಲೇ ಸಾಯ್ತಿದೆಯಾ ಅಂತ ಎದೆ ಧಸಕ್ ಅಂದಿತು.

ಭಾನುವಾರ ಬೆಳಿಗ್ಗೆ

‘ಸಿಎಂಪಿ’ ಕಮಾಂಡ್ ಹಾಕಿ ಎರಡೂ ಇಮೇಜನ್ನು ಬೈಟ್ ಬೈಟ್ ಹೋಲಿಸಿದೆ. 32 ಜಿಬಿಯಲ್ಲಿ ಬೇರೆ ಇದ್ದದ್ದು ಬೆರಳೆಣಿಕೆಯಷ್ಟು ಬೈಟ್. ಬದಲಾವಣೆ ಇದ್ದ ಜಾಗ ನೋಡಿದಾಗ ವಿಷಯ ಹೊಳೆಯಿತು: ಒಂದೊಂದು ಪಾರ್ಟಿಷನ್ (ಕಾರ್ಡಿನ ವಿಭಾಗ) ಶುರುವಾಗಿ 1024 ಬೈಟ್ ದಾಟಿದ ಕೂಡಲೇ. ಫೈಲ್‌ಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ವ್ಯವಸ್ಥೆಯ ಸೂಪರ್‌ಬ್ಲಾಕ್ ಇರುವುದೇ ಅಲ್ಲಿ. ಆ ಪಾರ್ಟಿಷನ್ ಕೊನೆಗೆ ಯಾವಾಗ ಮೌಂಟ್ ಆಯ್ತು (ಬಳಕೆಗೆ ತೆರೆದುಕೊಂಡಿತು), ಎಷ್ಟು ಸಲ ಆಯ್ತು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ನಾನು ಕಾರ್ಡ್ ಹಾಕಿದಾಗಲೆಲ್ಲ ಡೆಸ್ಕ್‌ಟಾಪ್ ತಾನಾಗೇ ಮೌಂಟ್ ಮಾಡಿ ಆ ಲೆಕ್ಕ ತಿದ್ದುತ್ತಿತ್ತು! ಕಾರ್ಡ್ ಗಟ್ಟಿಯಾಗೇ ಇತ್ತು.

ಹಾಗೆ ತಾನಾಗೇ ಮೌಂಟ್ ಮಾಡಿಸುವ ಯುಡಿಸ್ಕ್ಸ್ ಸರ್ವೀಸ್ ನಿಲ್ಲಿಸಿದೆ. ಕಾರ್ಡ್ ಹಾಕಿದ ತಕ್ಷಣ ‘ಬ್ಲಾಕ್‌ಡೆವ್’ ಕಮಾಂಡಿನಿಂದ ಅದನ್ನು ಓದಲು ಮಾತ್ರ ಅಂತ ಮಾಡಿದೆ. ನಿನ್ನೆಯ ಎರಡೂ ನಕಲು ಅಳಿಸಿ ಹೊಸದಾಗಿ ಎರಡು ತೆಗೆದೆ. ಈ ಸಲ 64 ಅಕ್ಷರದ ಹ್ಯಾಶ್ ಎರಡೂ ಒಂದೇ. ಕಡೇ ಅಕ್ಷರದವರೆಗೂ ಬೆರಳಿಟ್ಟು ಓದಿ ನೋಡಿದೆ, ಅಷ್ಟು ಖುಷಿ.

ಭಾನುವಾರ ಸಂಜೆ

ಬೂಟ್ ಆಗದ ಬ್ಯಾಕಪ್ ಇಟ್ಟುಕೊಂಡು ಏನು ಮಾಡೋದು? ಇಮೇಜನ್ನು ಹೊಸ ಕಾರ್ಡಿಗೆ ಬರೆದೆ. 32 ಜಿಬಿ ಅಂತ ಬರೆದಿದ್ದರೂ ಎಲ್ಲ ಕಾರ್ಡುಗಳ ಅಳತೆ ಒಂದೇ ಇರಲ್ಲ, ಕೆಲವು ಎಂಬಿ ಕಡಿಮೆ ಬಂದರೂ ಇಮೇಜಿನ ಬಾಲ ತುಂಡಾಗುತ್ತದೆ. ಅದಕ್ಕೇ 64 ಜಿಬಿಯದನ್ನೇ ತಂದಿದ್ದೆ.

ಸ್ಕೋಪಿಗೆ ಹಾಕಿ ಬಟನ್ ಒತ್ತಿದೆ. ಮೊದಲು ಲೋಗೋ, ಆಮೇಲೆ ಗ್ರಿಡ್. ಪ್ರೋಬ್ (ಅಳೆಯುವ ತಂತಿ) ಇಲ್ಲದೆ ನಾಲ್ಕೂ ಚಾನೆಲ್ ಆನ್ ಮಾಡಿದರೆ ನಾಲ್ಕು ಗೆರೆಗಳೂ ತಮ್ಮ ಸೊನ್ನೆಯ ಗುರುತಿನ ಮೇಲೇ ಕೂತಿದ್ದವು. ಕ್ಯಾಲಿಬ್ರೇಷನ್ ಬಂದಿದೆ. ಪ್ರೋಬನ್ನು ಸ್ಕೋಪಿನದೇ ಪರೀಕ್ಷೆಯ ಪಿನ್ನಿಗೆ ಸಿಕ್ಕಿಸಿದರೆ 1 ಕಿಲೋಹರ್ಟ್ಜ್‌ನ ಚೌಕದ ಅಲೆ, ಮೂಲೆಗಳು ಚೂಪಾಗಿ.

ಇಮೇಜನ್ನು ‘ಝಡ್‌ಎಸ್‌ಟಿಡಿ’ಯಿಂದ ಕುಗ್ಗಿಸಿ, ಹ್ಯಾಶ್ ಜೊತೆಗೆ ಎರಡು ಡಿಸ್ಕಿನಲ್ಲಿ ಇಟ್ಟಿದ್ದೇನೆ. ಸ್ಕೋಪ್ ಇನ್ನು ಹೊಸ ಕಾರ್ಡಿನಲ್ಲೇ ಓಡುತ್ತದೆ. ಹಳೆಯದನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ, ಮೇಲೆ ಸೀರಿಯಲ್ ನಂಬರ್ ಬರೆದು ಅಂಟಿಸಿದೆ.